ಹಾರ್ನಿಗೆ ಓಡಿಬರುತ್ತಿದ್ದ ಒಂಟೆಗಳು

ಆ ಬುಧವಾರ ಮಧ್ಯಾಹ್ನ ನಮ್ಮವರು ಊಟಕ್ಕೆ ಕೂತಾಗ ಮೀನು ಇಲ್ಲವೆಂದು ಮುಖ ಸಪ್ಪೆ ಮಾಡಿಕೊಂಡಿದ್ದರು. ಮೈದಾನ್ ಹವಲ್ಲಿಯ ಅಂಗಡಿಯಿಂದ ತಂದ ಕುಚಲಕ್ಕಿ ಅನ್ನ, ಹುರುಳಿ ಸಾರು, ಉಪ್ಪಿನಕಾಯಿ ಇಷ್ಟೇ ಇತ್ತು. ಆದರೂ ಎರಡು ಸಲ ಅನ್ನ ಹಾಕಿಸಿಕೊಂಡರು. ಹೊರಗೆ ಆಗಸ್ಟಿನ ಬಿಸಿಲು. ಕೈ ತೊಳೆದ ತಕ್ಷಣ ಲಾರಿಯ ಚಾವಿ ಹುಡುಕತೊಡಗಿದರು.

"ಇಷ್ಟು ಬಿಸಿಲಲ್ಲಿ ಎಂತಕ್ಕೆ ಹೊರಡುದು? ನಾಳೆ ಬೆಳಿಗ್ಗೆ ಹೋದ್ರೆ ಆಗುದಿಲ್ವಾ?" ಎಂದೆ.

"ನಿನಗೆ ಬಾಯಾರಿದ್ರೆ ನಾಳೆವರೆಗೆ ಸುಮ್ಮನೆ ಕೂತ್ಕೊಳ್ತೀಯಾ? ಅವು ನನ್ನ ದಾರಿ ಕಾಯ್ತಾ ಉಂಟು ಮಾರಾಯ್ತಿ."

"ದಾರಿ ನಾನೂ ಕಾಯ್ತೇನೆ. ನನಗೆ ಯಾವತ್ತಾದ್ರೂ ಹಾರ್ನ್ ಹೊಡ್ದದ್ದುಂಟಾ ನೀವು?"

ಅವರು ನಕ್ಕರು. ಗೇಟು ದಾಟುವಾಗ ನಿಜವಾಗಿಯೂ ಮೂರು ಸಲ ಹಾರ್ನ್ ಹೊಡೆದರು. ಒಳಗಿನಿಂದ ಮನೆಯ ಮುದುಕಿ, "ಇವಳೇನು ಒಂಟೆಯೇನೋ? ಮಧ್ಯಾಹ್ನ ಮಲಗಿದವರನ್ನು ಎಬ್ಬಿಸುತ್ತೀಯಾ!" ಎಂದು ಕೂಗಿದಳು. ನಾನು ತಟ್ಟೆ ತೊಳೆಯಲು ಹೋದೆ. ಲಾರಿ ತಿರುವಿನಲ್ಲಿ ಮರೆಯಾಗುವುದನ್ನು ನಿಂತು ನೋಡಲಿಲ್ಲ. ನೋಡುವ ಅಗತ್ಯವಿದೆ ಎಂದು ಅನಿಸಿರಲಿಲ್ಲ.

ನಾವಿಬ್ಬರೂ ಇರಾಕಿನ ನೆರೆಯ ಅರಬ್ ದೇಶದಲ್ಲಿ, ಜಹ್ರಾ ಎಂಬ ಊರಿನ ಒಂದೇ ಮನೆಯಲ್ಲಿ ಕೆಲಸಕ್ಕಿದ್ದೆವು. ನಾನು ಅಡುಗೆಗೆ, ಅವರು ನೀರಿನ ಟ್ಯಾಂಕರ್ ಓಡಿಸಲು. ಮನೆಯ ಯಜಮಾನ, ನಮ್ಮ ವೀಸಾಕ್ಕೆ ಹೊಣೆಯಾಗಿದ್ದ ಕಫೀಲ್, ಸರಕಾರಿ ಕಚೇರಿಯಲ್ಲಿದ್ದ. ಅವನ ತಾಯಿಯನ್ನು ಮನೆಯವರೆಲ್ಲ ಯುಮ್ಮಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಒಂಟೆಗಳು ಅವಳವು, ನಲವತ್ತೆರಡು. ಮುತ್ಲಾ ದಿಬ್ಬದ ಆಚೆ, ಉತ್ತರಕ್ಕೆ ಹೋಗುವ ರಸ್ತೆಯಿಂದ ಒಳಗೆ ಅವುಗಳ ಬೀಡು ಇತ್ತು. ರಾಜಸ್ಥಾನದ ಒಬ್ಬ ಕಾವಲುಗಾರ ಅಲ್ಲಿಯೇ ಡೇರೆಯಲ್ಲಿ ಇರುತ್ತಿದ್ದ. ನಮ್ಮವರು ನೀರು ಒಯ್ದು, ರಾತ್ರಿ ಅಲ್ಲಿ ಕಳೆದು, ಬೆಳಿಗ್ಗೆ ಹಿಂತಿರುಗುತ್ತಿದ್ದರು.

ಯುಮ್ಮಾ ಡೇರೆಯಲ್ಲೇ ಹುಟ್ಟಿದವಳು. ಮಳೆ ಬಿದ್ದ ದಿಕ್ಕಿಗೆ ಇಡೀ ಸಂಸಾರ ಹೊರಡುತ್ತಿದ್ದ ಕಾಲವನ್ನು ಕಂಡವಳು. ಬೇಸಿಗೆಯಲ್ಲಿ ಬಾವಿಯ ಸುತ್ತ ಬೀಡು, ಚಳಿಗಾಲದಲ್ಲಿ ಹುಲ್ಲಿನ ಹಿಂದೆ ಅಲೆದಾಟ. ಬಾವಿಯಿಂದ ನೀರು ಸೇದುವಾಗ ಹೆಂಗಸರೂ ಗಂಡಸರೂ ಒಂದು ಕೂಗು ಹಾಕುತ್ತಿದ್ದರಂತೆ. ಒಂದೇ ಬಾವಿಗೆ ನಾಲ್ಕು ಮನೆಯ ಒಂಟೆಗಳು ಬಂದರೂ ಪ್ರತಿಯೊಂದೂ ತನ್ನ ಮನೆಯ ದನಿಗೆ ಮಾತ್ರ ತೊಟ್ಟಿಯ ಹತ್ತಿರ ಬರುತ್ತಿತ್ತಂತೆ. ಈಗ ಬಾವಿಗಳು ಬತ್ತಿದ್ದವು, ಉಳಿದವು ಉಪ್ಪಾಗಿದ್ದವು. ಕಾರಿನಲ್ಲಿ ಹೋಗಿ ಒಂಟೆಗಳನ್ನು ನೋಡಿ ಬರುವ ಮಕ್ಕಳು, ಲಾರಿಯಲ್ಲಿ ನೀರು, ಚೀಲದಲ್ಲಿ ಬಾರ್ಲಿ. ಟ್ಯಾಂಕರಿನ ಹಾರ್ನ್ ಮೂರು ಸಲ ಕೇಳಿದರೆ ಒಂಟೆಗಳು ಎಷ್ಟು ದೂರದಲ್ಲಿದ್ದರೂ ಓಡಿ ಬರುತ್ತಿದ್ದವು. ಒಮ್ಮೆ ನಾನೂ ಹೋಗಿ ನೋಡಿದ್ದೆ. "ನೋಡು, ನಮ್ಮೂರ ಕೊನೆಯ ಬಸ್ಸಿಗೆ ಜನ ಓಡಿದ ಹಾಗೆ," ಎಂದು ನಮ್ಮವರು ಹೆಮ್ಮೆಯಿಂದ ತೋರಿಸಿದ್ದರು.

ಯುಮ್ಮಾಗೆ ಇದು ಇಷ್ಟವಿರಲಿಲ್ಲ. "ಕಬ್ಬಿಣ ಕೂಗಿದರೆ ಓಡುತ್ತವೆ. ಮನುಷ್ಯನ ದನಿ ಮರೆತ ಒಂಟೆ ಯಾರು ಕರೆದರೂ ಅವರದ್ದೇ," ಎನ್ನುತ್ತಿದ್ದಳು.

"ಹಾಡಿದರೆ ಬಾವಿಯಲ್ಲಿ ನೀರು ಬರುವುದಾದರೆ ಹೇಳು ಯುಮ್ಮಾ, ನಾಳೆಯಿಂದ ನಾನೂ ಹಾಡುತ್ತೇನೆ," ಎಂದು ಇವರು ತಮಾಷೆ ಮಾಡುತ್ತಿದ್ದರು. ಅವಳು ಕೈಯಲ್ಲಿದ್ದ ನೂಲುವ ಕಡ್ಡಿ ಎತ್ತಿ ಹೊಡೆಯುವಂತೆ ನಟಿಸುತ್ತಿದ್ದಳು. ಒಬ್ಬರೆಂದರೆ ಇನ್ನೊಬ್ಬರಿಗೆ ಪ್ರೀತಿ.

ಗುರುವಾರ ಬೆಳಿಗ್ಗೆ ಅವರು ಬರಲಿಲ್ಲ. ಅವರು ಬರಬೇಕಾದ ರಸ್ತೆಯಲ್ಲಿ ಸೈನ್ಯ ಬಂತು. ಮನೆಯ ಮಹಡಿಯಿಂದ ನೋಡಿದೆವು. ಮಣ್ಣಿನ ಬಣ್ಣದ ಲಾರಿಗಳು, ಟ್ಯಾಂಕುಗಳು, ಮತ್ತೆ ಲಾರಿಗಳು. ಮುಗಿಯುವುದೇ ಇಲ್ಲವೇನೋ ಎಂಬಂತೆ ಇರಾಕಿನ ಕಡೆಯಿಂದ ಬರುತ್ತಲೇ ಇದ್ದವು. ಅವುಗಳ ನಡುವೆ ಎಲ್ಲಾದರೂ ಬಿಳಿ ಟ್ಯಾಂಕರ್ ಕಾಣಬಹುದೆಂದು ನಾನು ಮಧ್ಯಾಹ್ನದವರೆಗೂ ಅಲ್ಲಿ ನಿಂತಿದ್ದೆ.

ನಾಲ್ಕು ದಿನ ಕಳೆದ ಮೇಲೆ ಯಜಮಾನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮರುಭೂಮಿಯ ದಾರಿಯಲ್ಲಿ ಸೌದಿಗೆ ಹೊರಟ. ತಾಯಿಯ ಕಾಲು ಹಿಡಿದು ಕರೆದ. ಅವಳು ಏಳಲಿಲ್ಲ.

"ನನ್ನ ಒಂಟೆಗಳು ಉತ್ತರದಲ್ಲಿವೆ. ನಾನು ದಕ್ಷಿಣಕ್ಕೆ ಏಕೆ ಬರಲಿ?"

"ಒಂಟೆ ಇದ್ದಾವೋ ಇಲ್ಲವೋ ಯಾರಿಗೆ ಗೊತ್ತು ಯುಮ್ಮಾ!"

"ಅದಕ್ಕೇ ಇರುತ್ತೇನೆ."

ಅವನು ನನ್ನ ಕಡೆ ತಿರುಗಿ, ನೀನಾದರೂ ಬಾ ಎಂದ. ನನ್ನ ಗಂಡನೂ ಉತ್ತರದಲ್ಲಿದ್ದಾರೆ ಎಂದೆ. ಅವನು ಮನೆಯ ಚಾವಿಗಳನ್ನು ನನ್ನ ಕೈಯಲ್ಲಿ ಇಟ್ಟು, ಮುಖ ತಿರುಗಿಸಿಕೊಂಡು ಹೋದ.

ಊರೊಳಗಿನ ಫೋನ್ ಇನ್ನೂ ಕೆಲಸ ಮಾಡುತ್ತಿತ್ತು. ಸೆಪ್ಟೆಂಬರಿನಲ್ಲಿ ಮೈದಾನ್ ಹವಲ್ಲಿಯಿಂದ ನಮ್ಮ ಕಡೆಯವರೇ ಆದ ಕೊಂಕಣಿ ಹೆಂಗಸೊಬ್ಬರು ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅಕ್ಕಿ ಅಂಗಡಿಯಲ್ಲಿ ಪರಿಚಯವಾದದ್ದು.

"ಅಕ್ಕ, ಬಸ್ಸು ಹೊರಡ್ತದೆ. ಬಾಗ್ದಾದ್ ಮೇಲೆ ಅಮ್ಮಾನ್, ಅಲ್ಲಿಂದ ವಿಮಾನ. ನಿಮಗೊಂದು ಸೀಟು ಹಿಡಿದಿಟ್ಟಿದ್ದೇನೆ, ಹಠ ಮಾಡ್ಬೇಡಿ."

"ಇವರು ಬರ್ಲಿಲ್ಲ ಬಾಯಮ್ಮ."

"ಬಂದ್ರೆ ಅವರಾಗಿ ಊರಿಗೆ ಬರ್ತಾರೆ. ಗಂಡಸಿಗೆ ದಾರಿ ಗೊತ್ತಾಗುದಿಲ್ವಾ?"

"ಬಂದವರು ಮೊದಲು ಈ ಗೇಟಿಗೆ ಬರ್ತಾರೆ. ಗೇಟು ತೆಗೀಲಿಕ್ಕೆ ಯಾರಾದ್ರೂ ಬೇಕಲ್ಲ."

ಅವರು ಕೊನೆಗೆ, "ನಿಮಗಾಗಿ ಒಂದು ಮೇಣದಬತ್ತಿ ಹಚ್ಚುತ್ತೇನೆ" ಎಂದು ಫೋನ್ ಇಟ್ಟರು.

ಏಳು ತಿಂಗಳು ಯುಮ್ಮಾ ಮತ್ತು ನಾನು ಆ ಮನೆಯಲ್ಲಿದ್ದೆವು. ಎರಡು ಸಲ ಸೈನಿಕರು ಬಂದು ಟಿವಿ, ಹಾಸಿಗೆ, ಫ್ರಿಜ್ ಒಯ್ದರು. ಬೇಳೆ ಮತ್ತು ರೊಟ್ಟಿಯಲ್ಲಿ ದಿನ ಕಳೆಯಿತು. ಯುಮ್ಮಾ ನೆಲದ ಮೇಲೆ ಮಗ್ಗ ಹಾಸಿ ಡೇರೆಯ ಪಟ್ಟಿಗಳನ್ನು ನೇಯುತ್ತಿದ್ದಳು. ಹಳೆಯ ಆಡಿನ ಕೂದಲು ಮೂಟೆಗಟ್ಟಲೆ ಇತ್ತು. ನನಗೆ ನೂಲಲು ಕಲಿಸಿದಳು. ಈ ಡೇರೆಯಲ್ಲಿ ಯಾರು ಇರುತ್ತಾರೆ ಎಂದು ನಾನು ಕೇಳಲಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಆ ತಿಂಗಳುಗಳನ್ನು ನಾನು ದಾಟುತ್ತಿರಲಿಲ್ಲ.

ಯುದ್ಧ ಮುಗಿದಾಗ ಆಕಾಶ ಕಪ್ಪಾಗಿತ್ತು. ಎಣ್ಣೆ ಬಾವಿಗಳು ಉರಿಯುತ್ತಿದ್ದವು, ಮಧ್ಯಾಹ್ನಕ್ಕೇ ದೀಪ ಬೇಕಾಗುತ್ತಿತ್ತು. ಯಜಮಾನ ವಾಪಸು ಬಂದ. ನಾನು ಅವನೊಂದಿಗೆ ಆಸ್ಪತ್ರೆಗಳಿಗೆ, ಪೊಲೀಸ್ ಠಾಣೆಗೆ, ಸತ್ತವರ, ಸೆರೆಸಿಕ್ಕವರ ಪಟ್ಟಿ ಅಂಟಿಸಿದ ಗೋಡೆಗಳಿಗೆ ಹೋದೆ. ಎಲ್ಲೂ ಹೆಸರಿರಲಿಲ್ಲ.

ಬೇಸಿಗೆ ಶುರುವಾಗುವಾಗ ಒಂದು ಬೆಳಿಗ್ಗೆ ರಾಜಸ್ಥಾನದ ಕಾವಲುಗಾರ ಗೇಟಿನಲ್ಲಿ ನಿಂತಿದ್ದ. ಸೌದಿ ಗಡಿಯವರೆಗೆ ನಡೆಸಿಕೊಂಡು ಹೋದವುಗಳಲ್ಲಿ ಬದುಕುಳಿದ ಹನ್ನೊಂದು ಒಂಟೆಗಳನ್ನು ಅಲ್ಲಿಂದ ಲಾರಿಯಲ್ಲಿ ತಂದಿದ್ದ. ನನ್ನನ್ನು ನೋಡಿ ಮುಂಡಾಸು ತೆಗೆದ.

"ಕೂತುಕೊಳ್ಳಿ ಭಾಭಿ," ಎಂದ.

"ನಿಂತೇ ಕೇಳುತ್ತೇನೆ. ಹೇಳು."

ಅವನು ಹೇಳಿದ್ದು ಇಷ್ಟು. ಆ ಬುಧವಾರ ಸಂಜೆ ಅರ್ಧ ಒಂಟೆಗಳು ಮಾತ್ರ ನೀರು ಕುಡಿದಿದ್ದವು. ಪೈಪು ಒಡೆದದ್ದರಿಂದ ಉಳಿದವಕ್ಕೆ ಬೆಳಿಗ್ಗೆ ಕುಡಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ನಸುಕಿನಲ್ಲಿ ಉತ್ತರದ ರಸ್ತೆಯಿಂದ ಲಾರಿಗಳ ಸದ್ದು ಕೇಳಿತು. ಬಾಯಾರಿದ ಒಂಟೆಗಳು ಎದ್ದು ನಿಂತವು. ನೀರು ಬಂತೆಂದು ಸದ್ದಿನ ಕಡೆಗೆ ಓಡಿದವು, ಅವುಗಳ ಹಿಂದೆ ಉಳಿದವೂ ಓಡಿದವು.

"ಭಾಯಿ ಟ್ಯಾಂಕರ್ ಹತ್ತಿದರು. ಬೇಡ ಅಂದೆ. 'ನಾನು ಕರೆದರೆ ಬರ್ತವೆ' ಅಂದರು. ಸುತ್ತಿ ಹೋಗಿ ಅವುಗಳಿಗೂ ರಸ್ತೆಗೂ ನಡುವೆ ಲಾರಿ ತಂದು ಹಾರ್ನ್ ಹೊಡೆದರು. ಅರ್ಧ ತಿರುಗಿದವು ಭಾಭಿ. ಇನ್ನರ್ಧ ತಿರುಗಲಿಲ್ಲ. ಅವುಗಳ ಹಿಂದೆ ಹೋದರು."

"ಆಮೇಲೆ?"

"ಗುಂಡಿನ ಸದ್ದು. ಟ್ಯಾಂಕರ್ ನಿಂತಿತು. ಭಾಯಿ ಬಾಗಿಲು ತೆಗೆದು ಇಳಿದರು, ಬಿದ್ದರು. ಬಿದ್ದದ್ದು ನೋಡಿದೆ. ಏಳುವುದು ನೋಡಲಿಲ್ಲ."

ಅವನು ತಿರುಗಿ ಬಂದ ಒಂಟೆಗಳನ್ನು ತಗ್ಗಿಗೆ ಅಟ್ಟಿಕೊಂಡು ಹೋಗಿ ಅಡಗಿಕೊಂಡಿದ್ದ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದಾಗ ಸತ್ತ ಒಂಟೆಗಳಿದ್ದವು. ಟ್ಯಾಂಕರ್ ಇರಲಿಲ್ಲ. ನಮ್ಮವರೂ ಇರಲಿಲ್ಲ.

ನಾನು ಒಳಗೆ ಹೋಗಿ ಅವನಿಗೆ ಚಹಾ ಮಾಡಿದೆ. ಸಕ್ಕರೆ ಹಾಕಲು ಮರೆತಿದ್ದೆ. ಅವನು ಹಾಗೆಯೇ ಕುಡಿದ.

ಹನ್ನೊಂದು ಒಂಟೆಗಳನ್ನು ಜಹ್ರಾದ ಹೊರಗೆ ತಂತಿ ಬೇಲಿಯ ದೊಡ್ಡಿಯಲ್ಲಿ ಕೂಡಿಹಾಕಿದರು. ಮೈಯೆಲ್ಲ ಮಸಿ ಹಿಡಿದು ಎಮ್ಮೆಗಳ ಹಾಗೆ ಕಾಣುತ್ತಿದ್ದವು. ಸಾಬೂನು ನೀರಲ್ಲಿ ತಿಕ್ಕಿದರೆ ನಮ್ಮ ಕೈ ಕಪ್ಪಾಗುತ್ತಿತ್ತು, ಅವು ಬೆಳ್ಳಗಾಗುತ್ತಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಹಗಲೆಲ್ಲ ಲಾರಿಗಳ ಓಡಾಟ. ಪ್ರತಿ ಲಾರಿಗೂ ಅವು ಎದ್ದು ಬೇಲಿಗೆ ನುಗ್ಗುತ್ತಿದ್ದವು. ಒಂದು ದಿನ ಒಂದು ಎಳೆಯ ಹೆಣ್ಣೊಂಟೆ ತಂತಿ ಹರಿದುಕೊಂಡು ಲಾರಿಯ ಹಿಂದೆ ಓಡಿತು. ರಸ್ತೆಯಾಚೆ ಸೈನ್ಯ ಹೂತಿದ್ದ ಸಿಡಿಮದ್ದಿನ ಮೈನು ತೆಗೆದಿರದ ಜಾಗವಿತ್ತು. ಸದ್ದು ಮನೆಯವರೆಗೆ ಕೇಳಿತು.

ಅಂದೇ ಯಜಮಾನ ತಾಯಿಯ ಮುಂದೆ ಬಂದು ಕೂತ.

"ಖಲಾಸ್ ಯುಮ್ಮಾ. ಮರುಭೂಮಿ ಮುಗಿಯಿತು. ಕೆಳಗೆ ಮೈನು, ಮೇಲೆ ಮಸಿ. ಅಲೆಯುವವರ ಕಾಲ ಯುದ್ಧಕ್ಕೆ ಮೊದಲೇ ಹೋಗಿತ್ತು, ನೀನೊಬ್ಬಳು ಒಪ್ಪಿರಲಿಲ್ಲ. ಈ ಹತ್ತನ್ನು ಮಾರಿಬಿಡೋಣ. ಬೇಕೇ ಬೇಕೆಂದರೆ ಎರಡು ಇಟ್ಟುಕೋ, ದೊಡ್ಡಿಯಲ್ಲೇ ಇರಲಿ, ಚೀಲದ ಮೇವು ತಿನ್ನಲಿ."

"ಚೀಲದ ಮೇವು ತಿನ್ನಿಸುವುದಕ್ಕೆ ಕೋಳಿ ಸಾಲದೇನು?"

"ಹೊರಗೆ ಬಿಟ್ಟರೆ ಸಾಯುತ್ತವೆ! ಲಾರಿ ಕಂಡರೆ ಓಡುತ್ತವೆ, ನೀನೇ ನೋಡಿದೆಯಲ್ಲ!"

ಯುಮ್ಮಾ ಕೈಯಲ್ಲಿದ್ದ ನೂಲುವ ಕಡ್ಡಿಯನ್ನು ನೆಲಕ್ಕಿಟ್ಟಳು. ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು, ನನ್ನ ಅಡುಗೆಮನೆಯ ಅರಬ್ಬಿಯಲ್ಲಿ ಕೇಳಿದೆ.

"ಲಾರಿಗೆ ಓಡದಿದ್ದರೆ?"

ಇಬ್ಬರೂ ನನ್ನನ್ನು ನೋಡಿದರು.

"ಓಡದಿದ್ದರೆ ಆಗ ನೋಡೋಣ," ಎಂದ ಯಜಮಾನ. "ಚಳಿಗಾಲದವರೆಗೆ ಸಮಯ. ಆದರೆ ಅದು ಆಗುವ ಮಾತಲ್ಲ ಸಹೋದರಿ. ನಿನ್ನ ಗಂಡ ಚೆನ್ನಾಗಿ ಕಲಿಸಿದ್ದಾನೆ."

ಅವನು ಚುಚ್ಚಲು ಹೇಳಿದ್ದಲ್ಲ. ಆದರೂ ಅಂದು ಸಂಜೆಯವರೆಗೂ ಆ ಮಾತು ನನ್ನೊಳಗೆ ಕೂತಿತ್ತು. ಅವರು ಕಲಿಸಿದ್ದರಿಂದಲೇ ಒಂಟೆಗಳು ಸದ್ದಿಗೆ ಓಡಿದ್ದು, ಅವು ಓಡಿದ್ದರಿಂದಲೇ ಅವರು ಹೋದದ್ದು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಮರುದಿನದಿಂದ ಕೆಲಸ ಶುರು ಮಾಡಿದೆವು. ಉಪಾಯ ಯುಮ್ಮಾಳದು. ಕಾವಲುಗಾರ ಪಿಕಪ್ಪಿನಲ್ಲಿ ಟ್ಯಾಂಕ್ ಹೇರಿಕೊಂಡು ಬಂದು ಹಾರ್ನ್ ಹೊಡೆದು ಸುಮ್ಮನೆ ನಿಲ್ಲಬೇಕು. ನೀರು ಕೊಡಬಾರದು. ಎಷ್ಟು ಹೊತ್ತಾದರೂ ಸರಿ, ಒಂಟೆಗಳು ಬೇಸತ್ತು ದೂರ ಹೋದ ಮೇಲೆ ಪಿಕಪ್ ಹೊರಟುಹೋಗಬೇಕು. ಆಮೇಲೆ ದೊಡ್ಡಿಯ ಇನ್ನೊಂದು ತುದಿಯಲ್ಲಿ, ನಾವು ಮೊದಲೇ ಕ್ಯಾನುಗಳಲ್ಲಿ ಹೊತ್ತು ತುಂಬಿಸಿ ಮುಚ್ಚಿಟ್ಟ ತೊಟ್ಟಿಯ ಬಳಿ, ಬಾಯಿಂದ ಕೂಗಬೇಕು. ಬಂದವಕ್ಕೆ ಮಾತ್ರ ನೀರು.

ಕೂಗುವವಳು ನಾನು. ಯುಮ್ಮಾಳ ದನಿ ಹೊಗೆಯಿಂದ ಒಡೆದಿತ್ತು, ಹತ್ತು ಮಾರು ದಾಟುತ್ತಿರಲಿಲ್ಲ. ಅವಳು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟಳು. ತಗ್ಗಿನಲ್ಲಿ ಶುರುವಾಗಿ, ಉದ್ದಕ್ಕೆ ಏರಿ, ಕೊನೆಯಲ್ಲಿ ಉಸಿರು ಬಿಟ್ಟಂತೆ ಬೀಳುವ ಕೂಗು. ಮೊದಲ ದಿನ ನಾನು ಕೂಗಿದ್ದಕ್ಕೆ ಒಂಟೆಗಳು ತಲೆಯನ್ನೂ ಎತ್ತಲಿಲ್ಲ.

"ಒಂಟೆ ಕರೆಯುತ್ತಿದ್ದೀರಾ ಭಾಭಿ, ಮೀನು ಮಾರುತ್ತಿದ್ದೀರಾ?" ಎಂದ ಕಾವಲುಗಾರ.

"ಮೀನು ಮಾರಿದವರ ಮಗಳೇ ನಾನು. ನಮ್ಮಮ್ಮ ಕೂಗಿದ್ರೆ ಮೂರು ಓಣಿ ಎದ್ದು ಬರ್ತಿತ್ತು."

"ಹಾಗಾದರೆ ಅದನ್ನೇ ಕೂಗು," ಎಂದಳು ಯುಮ್ಮಾ. "ದನಿ ಹೊಟ್ಟೆಯಿಂದ ಬರಬೇಕು, ಅಷ್ಟೆ. ಗಂಟಲಲ್ಲಿ ಕೂಗಿದರೆ ಆಡೂ ಬರುವುದಿಲ್ಲ."

ಕಷ್ಟವಾದದ್ದು ಕೂಗುವುದಲ್ಲ. ಬಾಯಾರಿದ ಪ್ರಾಣಿ ನೀರಿನ ಟ್ಯಾಂಕಿಗೆ ಮೂತಿ ಒತ್ತಿ ನಿಂತಿರುವಾಗ ನೀರು ಕೊಡದೆ ನೋಡುತ್ತಿರುವುದು. ಕಣ್ಣಿನ ರೆಪ್ಪೆ ಬೆಳ್ಳಗಾದ ಒಂದು ಮುದಿ ಒಂಟೆ ಇತ್ತು. ಹಾರ್ನ್ ಕೇಳಿದೊಡನೆ ಅದು ಟ್ಯಾಂಕಿಗೆ ಹೋಗುತ್ತಿರಲಿಲ್ಲ, ಚಾಲಕನ ಕಿಟಕಿಗೆ ಹೋಗುತ್ತಿತ್ತು. ತಲೆ ಒಳಗೆ ಹಾಕಿ ಮೂಸುತ್ತಿತ್ತು. ನಮ್ಮವರು ಕಿಟಕಿಯಿಂದ ಅದಕ್ಕೆ ಖರ್ಜೂರ ಕೊಡುತ್ತಿದ್ದರಂತೆ. ಕಾವಲುಗಾರ ಇದನ್ನು ನನಗೆ ಹೇಳಬಾರದೆಂದು ಬಹಳ ದಿನ ತಡೆದುಕೊಂಡಿದ್ದ.

ಅದು ಗೊತ್ತಾದ ಮೇಲೆ ಎರಡು ದಿನ ನಾನು ದೊಡ್ಡಿಗೆ ಹೋಗಲಿಲ್ಲ. ಊರಿನಲ್ಲಿ ಅವರ ಬಟ್ಟೆಗಳಿದ್ದವು, ಒಂದು ಫೋಟೋ ಇತ್ತು. ಆದರೆ ಅವರು ಬರುತ್ತಾರೆಂದು ನಂಬಿ ಎದ್ದು ಓಡುವ ಜೀವ ಇನ್ನು ಎಲ್ಲಿಯೂ ಇರಲಿಲ್ಲ. ನಾನೇ ನಂಬಿಕೆ ಬಿಟ್ಟಿದ್ದೆ. ಆ ಒಂಟೆಗೂ ಅದನ್ನು ಬಿಡಿಸಬೇಕಾದವಳು ನಾನೇ.

ಮೂರನೆಯ ದಿನ ಯುಮ್ಮಾ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಸಮಾಧಾನದ ಮಾತು ಹೇಳಲಿಲ್ಲ. "ಬಿಸಿಲು ಏರುತ್ತಿದೆ, ಯಾ ಬಿಂತಿ. ಯಲ್ಲಾ, ಹೊರಡು," ಎಂದಳು. ಬಿಂತಿ ಎಂದರೆ ಮಗಳೇ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆ ಬೇಸಿಗೆಯಲ್ಲೇ ಊರಿನಿಂದ ಭಾವನ ಪತ್ರ ಬಂತು. ಕಾವಲುಗಾರನ ಮಾತು ಸಾಕ್ಷಿಯಾಗಿರುವಾಗ ಇನ್ನು ತಡ ಮಾಡಬಾರದು, ದರ್ಭೆಯಲ್ಲಿ ಆಕೃತಿ ಮಾಡಿ ಸುಟ್ಟು ಬೊಜ್ಜದ ಉತ್ತರಕ್ರಿಯೆ ಮುಗಿಸೋಣ, ನೀನು ಬಾ ಎಂದು ಬರೆದಿದ್ದರು. ಬರುತ್ತೇನೆ, ಆದರೆ ಚಳಿಗಾಲ ಕಳೆಯಲಿ ಎಂದು ಉತ್ತರ ಬರೆದೆ. ಒಂಟೆಗಳ ವಿಷಯ ಬರೆಯಲಿಲ್ಲ. ಬರೆದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಮೊದಲು ಬಂದದ್ದು ಎರಡು ಎಳೆಯ ಒಂಟೆಗಳು. ಅವುಗಳ ಹಿಂದೆ ಉಳಿದವು ಒಂದೊಂದಾಗಿ ಬರತೊಡಗಿದವು. ಒಂದು ವಾರ ಸರಿಯಾಗಿ ಬಂದವು ಎನ್ನುವಷ್ಟರಲ್ಲಿ, ಪಕ್ಕದ ದೊಡ್ಡಿಗೆ ನೀರಿನ ಲಾರಿ ಬಂದು, ಅಲ್ಲಿನ ಒಂಟೆಗಳು ಕುಡಿಯುವುದನ್ನು ನೋಡಿ ನಮ್ಮವು ಮತ್ತೆ ಬೇಲಿಗೆ ನುಗ್ಗಿದವು. ಮತ್ತೆ ಮೊದಲಿನಿಂದ. ನನ್ನ ಗಂಟಲು ಕಟ್ಟಿತು. ಯುಮ್ಮಾ ಜೀರಿಗೆ ಕುದಿಸಿ ಕೊಟ್ಟಳು. ನಾನು ನಿಲ್ಲಿಸುವುದಿಲ್ಲ ಎಂದು ಯಾರೊಂದಿಗೂ ಹೇಳಲಿಲ್ಲ, ದಿನಾ ಹೋಗುತ್ತಿದ್ದೆ ಅಷ್ಟೆ. ಮುದಿ ಒಂಟೆ ಎಲ್ಲಕ್ಕಿಂತ ಕೊನೆಗೆ ಕಲಿಯಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಹಾರ್ನ್ ಕೇಳಿ ಅದು ತಲೆ ಎತ್ತಿ ಪಿಕಪ್ಪನ್ನು ನೋಡಿತು, ಮೆಲುಕು ಹಾಕುತ್ತಾ ಕೂತೇ ಇತ್ತು. ನಾನು ಕೂಗಿದೆ. ಎದ್ದು ನನ್ನ ಕಡೆಗೆ ನಡೆದು ಬಂತು. ಕಾವಲುಗಾರ ಪಿಕಪ್ಪಿನೊಳಗಿಂದ ಕೈ ಎತ್ತಿದ. ನಾನು ಅದಕ್ಕೆ ನೀರು ಬಿಟ್ಟೆ. ಅದು ಕುಡಿಯುವಷ್ಟು ಹೊತ್ತೂ ಅದರ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡಿದ್ದೆ.

ಯಜಮಾನ ತಾನೇ ನೋಡಬೇಕೆಂದ. ಸೈನ್ಯದ ಲಾರಿಗಳ ಸಾಲೊಂದು ಹೋಗುವ ಹೊತ್ತಿಗೆ ಬಂದು ಬೇಲಿಯ ಬಳಿ ನಿಂತ. ಒಂಟೆಗಳು ಕಿವಿ ಆಡಿಸಿದವು, ಒಂದು ಮಾತ್ರ ಎರಡು ಹೆಜ್ಜೆ ಇಟ್ಟು ನಿಂತಿತು. ಅವನು ಕೊನೆಯ ಲಾರಿ ದಾಟುವವರೆಗೂ ನೋಡಿ, ತಾಯಿಗೆ, "ಸಾಲ್ಮಿ ರಸ್ತೆಯ ಕಡೆ ಒಂದು ತುಂಡು ಜಾಗ ಮೈನು ತೆಗೆದು ತೆರವು ಮಾಡಿದ್ದಾರೆ. ಬಣ್ಣ ಬಳಿದ ಕಲ್ಲುಗಳ ಒಳಗೆ ಮಾತ್ರ. ಅದರಾಚೆ ಒಂದು ಹೆಜ್ಜೆ ಇಲ್ಲ," ಎಂದ.

"ನನ್ನ ಅಪ್ಪ ಇಲ್ಲಿಂದ ಹೊರಟರೆ ಚಂದ್ರ ಎರಡು ಸಲ ತುಂಬುವವರೆಗೂ ನಡೆಯುತ್ತಿದ್ದ," ಎಂದಳು ಯುಮ್ಮಾ. "ನೀನು ನನಗೆ ಅಂಗಳ ಕೊಡುತ್ತಿದ್ದೀಯ."

"ಅಂಗಳ ಬೇಡವೇ?"

"ಬೇಡವೆಂದು ಯಾರು ಹೇಳಿದರು?"

ಮೊದಲ ಮಳೆ ಬಿದ್ದ ಮೇಲೆ ಹೊರಟೆವು. ಯುಮ್ಮಾ ಪಿಕಪ್ಪಿನ ಮುಂದಿನ ಸೀಟಿನಲ್ಲಿ, ಹಿಂದೆ ನಾವು ನೇಯ್ದ ಡೇರೆ. ಕಾವಲುಗಾರ ಮತ್ತು ನಾನು ಹತ್ತು ಒಂಟೆಗಳ ಜೊತೆ ನಡೆದೆವು. ಪಿಕಪ್ ಓಡಿಸಿದ್ದು ಯಜಮಾನನೇ, ದಾರಿಯುದ್ದಕ್ಕೂ ಗೊಣಗುತ್ತಾ. ಹುಲ್ಲು ಬೆರಳಷ್ಟು ಉದ್ದ, ಎಲೆಗಳ ಮೇಲೆ ಇನ್ನೂ ಮಸಿ. ಆದರೂ ಒಂಟೆಗಳು ತಲೆ ತಗ್ಗಿಸಿ ಮೇಯುತ್ತಾ ಹೋದವು. ಚೀಲ ಬಿಚ್ಚುವುದನ್ನು ಕಾಯುವ ಒಂಟೆಗಳ ಹಾಗೆ ಅವು ನಿಂತಿರಲಿಲ್ಲ.

ಕಾವಲುಗಾರನ ಅಣ್ಣನೂ ಮನೆಯವರೂ ರಾಜಸ್ಥಾನದಲ್ಲಿ ಒಂಟೆಗಳ ಹಿಂದೆ ಅಲೆಯುವವರು. ಅಲ್ಲೂ ಹಳೆಯ ದಾರಿಗಳಿಗೆ ಬೇಲಿ ಬಿದ್ದಿದೆ, ಪ್ರತಿ ವರ್ಷ ದಾರಿ ಸಣ್ಣದಾಗುತ್ತಿದೆ ಎಂದು ಅವನು ಹೇಳಿದ. ಆದರೂ ಅಣ್ಣ ಹೊರಡುತ್ತಾನೆಯೇ ಎಂದು ಯುಮ್ಮಾ ಕೇಳಿದಳು. ಹೊರಡುತ್ತಾನೆ ಎಂದ. "ಹಾಗಿದ್ದರೆ ಸರಿ," ಎಂದು ಅವಳು ಡೇರೆಯ ಹಗ್ಗ ಬಿಗಿದಳು. ಇದು ಎಷ್ಟು ವರ್ಷ ನಡೆಯುತ್ತದೆ ಎಂದು ನಾವು ಯಾರೂ ಹೇಳುವಂತಿರಲಿಲ್ಲ. ಆ ವರ್ಷ ನಡೆಯಿತು. ಆ ವರ್ಷ ಮಾತ್ರ ನಮ್ಮ ಕೈಯಲ್ಲಿತ್ತು.

ಡಿಸೆಂಬರಿನಲ್ಲಿ ಕಾವಲುಗಾರ ನನ್ನನ್ನು ಉತ್ತರದ ರಸ್ತೆಗೆ ಕರೆದುಕೊಂಡು ಹೋದ. ಡಾಂಬರಿನಿಂದ ಇಳಿಯುವಂತಿರಲಿಲ್ಲ, ಎರಡೂ ಬದಿ ಕೆಂಪು ಬಾವುಟಗಳು. ಅವನು ಕೈ ಚಾಚಿ ಒಂದು ದಿಣ್ಣೆಯನ್ನು ತೋರಿಸಿ, ಅದರ ಹತ್ತಿರ ಎಂದ. ಸ್ವಲ್ಪ ಯೋಚಿಸಿ, ಅದರ ಪಕ್ಕದ ದಿಣ್ಣೆಯೂ ಇರಬಹುದು ಎಂದ. ಗಾಳಿಗೆ ಮರಳು ಜಾಗ ಬದಲಿಸಿತ್ತು. ನಾನು ಎರಡೂ ದಿಣ್ಣೆಗಳನ್ನು ನೋಡಿ ಕೈ ಮುಗಿದೆ.

ಬೇಸಿಗೆಗೆ ಮುಂಚೆ ಊರಿಗೆ ಬಂದು ಬೊಜ್ಜ ಮುಗಿಸಿದೆವು. ಭಾವ ದರ್ಭೆಯ ಆಕೃತಿಗೆ ಬೆಂಕಿ ಕೊಟ್ಟರು. ನಮ್ಮವರ ದೇಹ ಇಂದಿನವರೆಗೂ ಸಿಕ್ಕಿಲ್ಲ.